ಒಂದು ಹತ್ತರಿಂದ ಒಂದು ಇಪ್ಪತ್ತರವರೆಗೆ

ಕೋಡ್ಲಾ ಬಳಿಯ ಸಿಮೆಂಟ್ ಕಾರ್ಖಾನೆಯಲ್ಲಿ ಲಾರಿಗಳ ಲೋಡಿಂಗ್ ಸರದಿ ಗೊತ್ತುಮಾಡುವುದು ನನ್ನ ಕೆಲಸ. ಸಮಯ ಪಾಲನೆಯ ಬಗ್ಗೆ ನಮಗೆ ಎರಡು ದಿನ ತರಬೇತಿ ಕೊಟ್ಟರು. ಹೊತ್ತು ಎಲ್ಲಿ ಸೋರಿಹೋಗುತ್ತದೆ, ಒಂದು ವಾರ ಬರೆದಿಡಿ ಎಂದರು. ಬರೆದೆ. ಚಹಾ, ಹರಟೆ, ಡ್ರೈವರುಗಳ ತಕರಾರು. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದವಳು ನನ್ನ ಅಕ್ಕ.

ಅಕ್ಕನನ್ನು ಕೊಟ್ಟಿದ್ದು ದಂಡೋತಿಗೆ. ಅವ್ವ ಹೋದ ಮೇಲೆ ಅವಳಿಗೆ ತವರೆಂದರೆ ನಾನೇ. ಮನಸ್ಸು ಬಂದಾಗ ಫೋನ್ ಮಾಡುವಳು, ಅದೂ ಲೋಡಿಂಗ್ ಜೋರಾಗಿರುವ ಹೊತ್ತಿಗೇ. ನನಗೆ ತಲೆ ಕೆಡುತ್ತಿತ್ತು. ಆ ವಾರ ಮುಗಿದದ್ದೇ ಹೇಳಿಬಿಟ್ಟೆ: "ಅಕ್ಕಾ, ಇನ್ನ ಮ್ಯಾಲ ದಿನಾ ಮಧ್ಯಾಹ್ನ ಒಂದು ಹತ್ತಕ್ಕ ನಾನೇ ಮಾಡ್ತೀನಿ. ಹತ್ತೇ ನಿಮಿಷ. ನಡುವ ನೀ ಮಾಡಬ್ಯಾಡ."

"ಆಯ್ತು ತಮ್ಮಾ, ನಿನ್ನ ಕೆಲಸ ಕೆಡಬಾರ್ದು," ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಒಂದು ಇಪ್ಪತ್ತಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟೆ. ಟಿಣ್ ಎಂದರೆ ಮಾತು ಮುಗಿದಂತೆ. ಅಕ್ಕನಿಗೂ ರೂಢಿಯಾಯಿತು. ಸದ್ದು ಕೇಳಿದ ಕೂಡಲೇ "ಫೋನ್ ಇಡ್ಲೇನು?" ಎನ್ನುವಳು. ಗೇಟಿನಲ್ಲಿ ಲಾರಿ ಕಾಯುವುದು ಕಡಿಮೆಯಾಯಿತು. ಸಾಹೇಬರು ಮೀಟಿಂಗಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಕಡೆ ಫೋನೆತ್ತಿ ಯಾರೂ ನೇರ ತಮ್ಮ ಮಾತಿಗೆ ಬರುವುದಿಲ್ಲ. ಮೊದಲು ಊಟ ಆಯ್ತೇ, ಏನು ಪಲ್ಯ ಎಂದು ಕೇಳಬೇಕು. ಆಮೇಲೆ ಹೆಂಡತಿ, ಮಕ್ಕಳು, ಮಾವನ ಮೊಣಕಾಲು, ತೊಗರಿ, ಮಳೆ. ತನ್ನದೇನಿದ್ದರೂ ಕಟ್ಟಕಡೆಗೆ. ಅಕ್ಕ ಇದರಲ್ಲಿ ಒಂದನ್ನೂ ಬಿಟ್ಟು ಮುಂದೆ ಹೋಗುವವಳಲ್ಲ. "ತಮ್ಮಾ, ಮತ್ತೊಂದ್ ಮಾತು..." ಎನ್ನುವಷ್ಟರಲ್ಲಿ ಟಿಣ್. "ಇರ್ಲಿ ಬಿಡು, ನಾಳಿ ಹೇಳ್ತೀನಿ." ಮರುದಿನ ಮತ್ತೆ ಊಟದಿಂದಲೇ ಶುರು. ಏನಕ್ಕಾ ಅದು ಎಂದು ನಾನಾದರೂ ಒಮ್ಮೆ ಕೇಳಬಹುದಿತ್ತು. ಕೇಳಲಿಲ್ಲ.

ಕೊನೆಗೆ ಸುದ್ದಿ ಕೊಟ್ಟವರು ಭಾವ. ಅಕ್ಕನ ಕಂಕುಳಲ್ಲಿ ಗಂಟು. ತೋಳು ಎತ್ತಲಾಗದೆ ಹೋದ ಮೇಲೆ ಅವರಿಗೆ ಹೇಳಿದ್ದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು, ಇಷ್ಟು ತಡ ಯಾಕೆ ಮಾಡಿದಿರಿ, ಬೇನೆ ಮೈಯಲ್ಲಿ ಹಬ್ಬಿಬಿಟ್ಟಿದೆ ಎಂದರು. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಒಳಗೆ ಏನೂ ಆಡುತ್ತಿಲ್ಲ, ಮರಗಟ್ಟಿದ ಕಾಲಿನ ಹಾಗೆ.

"ನನಗ್ಯಾಕ ಮೊದಲೇ ಹೇಳಲಿಲ್ಲಕ್ಕಾ?"

"ಹೇಳಬೇಕಂತಿದ್ದೆ ತಮ್ಮಾ. ಹೊತ್ತು ಸಾಲತಿದ್ದಿಲ್ಲ."

ನಿನ್ನೆಯಿಂದ ರಜೆ ಹಾಕಿ ಅವಳ ಮಂಚದ ಪಕ್ಕ ಕೂತಿದ್ದೇನೆ. ನಿನ್ನೆ ಮಧ್ಯಾಹ್ನ, ಊಟ ಕೇಳದೆ, ಪಲ್ಯ ಕೇಳದೆ, ಮೊದಲ ಸಲ ತನ್ನ ಮಾತು ತೆಗೆದಳು. "ಭಾಳ ಬ್ಯಾನಿ ಆಗ್ತದ ತಮ್ಮಾ. ನನಗ ಅಂಜಿಕಿ..."

ಕಿಸೆಯಲ್ಲಿ ಮೊಬೈಲು ಟಿಣ್ ಎಂದಿತು. ಅಲಾರಂ ತೆಗೆಯುವುದನ್ನು ಮರೆತಿದ್ದೆ.

ಅಕ್ಕ ಅರ್ಧಕ್ಕೇ ಬಾಯಿ ಮುಚ್ಚಿದಳು. "ಹೇಳಕ್ಕಾ, ನಾ ಎಲ್ಲೂ ಹೋಗಂಗಿಲ್ಲ," ಎಂದೆ.

"ಇರ್ಲಿ ಬಿಡು, ನಾಳಿ ಹೇಳ್ತೀನಿ," ಎಂದು ಗೋಡೆಯ ಕಡೆ ಹೊರಳಿದಳು.