ಅರ್ಧಕ್ಕೆ ನಿಂತ ಮುಳ್ಳು

ಅಳತೆಯ ಸಾಧನಗಳು ಬಂದ ಮೇಲೆ ಮನುಷ್ಯನ ಅಜ್ಞಾನ ಕಡಿಮೆಯಾಗುತ್ತ ಬಂದಿದೆ ಎಂದು ತಿಳಿದವರು ಹೇಳುತ್ತಾರೆ. ಅವರಲ್ಲಿ ಯಾರೂ ಗುಬ್ಬಿ ತಾಲ್ಲೂಕಿನಲ್ಲಿ ಮೀಟರ್ ಕೂರಿಸಿದವರಲ್ಲ.

2003ರಲ್ಲಿ ನಾನು ತುಮಕೂರಿನಲ್ಲಿ ಸರ್ವಿಸ್ ಎಂಜಿನಿಯರ್. ಕಡಬದ ಹತ್ತಿರ ಬಸವರಾಜಯ್ಯ ಎಂಬುವರ ಕಾಯಿಪುಡಿ ಕಾರ್ಖಾನೆಯಿತ್ತು. ತೆಂಗಿನ ತುರಿಯನ್ನು ಬಿಸಿಗಾಳಿಯ ಡ್ರೈಯರ್ ಒಳಗೆ ಹಾಯಿಸುವ ಬೆಲ್ಟಿನ ಮೋಟಾರಿಗೆ ನಾನೇ ಇನ್ವರ್ಟರ್ ಕೂರಿಸಿದ್ದೆ. ಇದು ಕರೆಂಟ್ ಹೋದಾಗ ಮನೆಯ ದೀಪ ಉರಿಸುವ ಪೆಟ್ಟಿಗೆಯಲ್ಲ; ಮೋಟಾರಿಗೆ ಹೋಗುವ ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ವೇಗವನ್ನು ಹಿಡಿತದಲ್ಲಿಡುವ ಯಂತ್ರ. ಪ್ಯಾನೆಲ್ ಮೇಲೆ ವೇಗ ಬದಲಿಸಲು ಒಂದು ನಾಬ್, ತೋರಿಸಲು ಸೊನ್ನೆಯಿಂದ ನೂರರವರೆಗಿನ ಮುಳ್ಳಿನ ಮೀಟರ್. ಐವತ್ತು ಹರ್ಟ್ಸ್‌ಗೆ, ಅಂದರೆ ಪೂರ್ಣ ವೇಗಕ್ಕೆ, ಮುಳ್ಳು ನೂರು ತೋರಿಸುತ್ತಿತ್ತು. ತುರಿ ಹದವಾಗಿ ಒಣಗುತ್ತಿದ್ದುದು ಇಪ್ಪತ್ತೈದು ಹರ್ಟ್ಸ್‌ನಲ್ಲಿ, ಅಂದರೆ ಮುಳ್ಳು ನಟ್ಟನಡುವೆ ನಿಂತಾಗ.

ಹದಿನೈದು ದಿನದೊಳಗೆ ಫೋನ್ ಬಂತು. ಪುಡಿ ಹಸಿಯಾಗಿದೆಯೆಂದು ಬಿಸ್ಕತ್ ಕಾರ್ಖಾನೆಯವರು ಲೋಡು ವಾಪಸ್ ಕಳಿಸಿದ್ದರು. ಹೋಗಿ ನೋಡಿದರೆ ನಾಬ್ ಕೊನೆಯವರೆಗೆ ತಿರುಗಿತ್ತು. ಬೆಲ್ಟು ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ನಡುವಿಗೆ ತಂದಿಟ್ಟು ಬಂದೆ. ಮತ್ತೆ ಫೋನ್. ಮತ್ತೆ ಹೋದೆ. ಮೂರನೆಯ ಸಲ ಬಸವರಾಜಯ್ಯ, ಡ್ರೈಯರ್ ನೋಡಿಕೊಳ್ಳುವ ರಂಗಸ್ವಾಮಿಯ ಕಡೆ ಬೆರಳು ತೋರಿಸಿದರು.

"ಇನ್ನೊಂದು ಲೋಡು ವಾಪಸ್ ಬಂದ್ರೆ ಇವ್ನು ಮನೆಗೋಗ್ಲಿ."

"ನಾಬ್ ಮುಟ್ಟೋದು ನಾನಲ್ಲ ಸಾ," ಎಂದ ರಂಗಸ್ವಾಮಿ.

"ಮತ್ಯಾರಪ್ಪ?" ಎಂದೆ. ಅವನು ಸೂರಿನ ತಗಡನ್ನು ಪರಿಶೀಲಿಸತೊಡಗಿದ.

"ನಾನೇ ಕಣ್ರೀ," ಎಂದರು ಬಸವರಾಜಯ್ಯ, ಸನ್ಮಾನ ಸ್ವೀಕರಿಸುವವರ ಗಾಂಭೀರ್ಯದಲ್ಲಿ. "ಬೆಳಿಗ್ಗೆ ಬಂದ್ ನೋಡಿದ್ರೆ ಮುಳ್ಳು ಅರ್ಧಕ್ಕೇ ನಿಂತಿರ್ತದೆ. ಹೊಸ ಮಿಷನ್ನ ಅರೆಹೊಟ್ಟೇಲಿ ಓಡ್ಸಾದಾ? ಜೀಪಿನ ಡೀಸೆಲ್ ಮುಳ್ಳು ಅರ್ಧಕ್ಕಿಳಿದ್ರೆ ನಾನು ಸೀದಾ ಬಂಕಿಗೆ ಬುಡ್ತೀನಿ."

ಇದು ಡೀಸೆಲ್ ಅಲ್ಲ, ವೇಗ ಎಂದೆ. ಚಿತ್ರ ಬರೆದು ತೋರಿಸಿದೆ. ಬೆಲ್ಟು ಜೋರಾದರೆ ತುರಿ ಒಣಗುವ ಮೊದಲೇ ಹೊರಗೆ ಬೀಳುತ್ತದೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಸಾರ್. ಅರ್ಧ ಯಾಕೆ?"

ನನ್ನ ತಾಳ್ಮೆಯ ಮುಳ್ಳು ಸೊನ್ನೆಗಿಳಿಯಿತು. ಮಾತು ನಿಲ್ಲಿಸಿ ಇನ್ವರ್ಟರಿನ ಸೆಟ್ಟಿಂಗಿಗೆ ಹೋದೆ. ಗರಿಷ್ಠ ಫ್ರೀಕ್ವೆನ್ಸಿಯನ್ನು ಐವತ್ತರಿಂದ ಇಪ್ಪತ್ತೈದಕ್ಕೆ ಇಳಿಸಿದೆ. ನಾಬನ್ನು ಎಷ್ಟೇ ತಿರುಗಿಸಿದರೂ ವೇಗ ಅದನ್ನು ದಾಟದು. ಮೀಟರಿನ ಮುಳ್ಳನ್ನು ಎತ್ತುವ ಸಿಗ್ನಲ್ಲನ್ನು ಇಮ್ಮಡಿ ಮಾಡಿದೆ. ಅದೇ ವೇಗಕ್ಕೆ ಮುಳ್ಳು ನೂರು ಮುಟ್ಟಬೇಕು. ಮುಟ್ಟಿತು.

"ನೋಡಿದ್ರಾ, ಆಯ್ತದೆ," ಎಂದರು ಬಸವರಾಜಯ್ಯ. "ಮೊದ್ಲೇ ಮಾಡಾಕೆ ಏನಾಗಿತ್ತು ನಿಮ್ಗೆ?"

ರಂಗಸ್ವಾಮಿ ಬೆಲ್ಟನ್ನೇ ನೋಡುತ್ತಿದ್ದ. "ಸಾ, ಬೆಲ್ಟು ಹಂಗೇ ನಿಧಾನಕ್ಕೆ..."

"ನೀನು ಸುಮ್ನಿರಪ್ಪ," ಎಂದೆ.

ಮೀಟರನ್ನು ಮೋಟಾರಿಗೆ ಹೊಂದಿಸಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ನೋಡುವ ಮಾಲೀಕರಿಗೂ ಹೊಂದಿಸಬೇಕು. ಈ ಪಾಠ ಯಾವ ಮ್ಯಾನ್ಯುಯಲ್‌ನಲ್ಲೂ ಇರಲಿಲ್ಲ.

ಮುಂದಿನ ಲೋಡು ವಾಪಸ್ ಬರಲಿಲ್ಲ. ರಂಗಸ್ವಾಮಿ ಅದೇ ಡ್ರೈಯರಿನಲ್ಲಿ ಮುಂದುವರಿದ.