ಅಕ್ಕನಿಗೆ ಓದಿ ಹೇಳದ ಪುಟ

ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಕಿರಿಯಳಾದ ನನ್ನನ್ನು ಕಲಬುರಗಿಯ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ. ಅಕ್ಕ ಕಮಲಾಪುರದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಅವ್ವನ ಕೈಗೆ ಆಸರೆಯಾಗಿ ಮನೆಯಲ್ಲೇ ಉಳಿದಳು. ಮದುವೆಯೂ ಅದೇ ಊರಿನಲ್ಲಿ, ನಾಲ್ಕು ಓಣಿ ಆಚೆ ಆಯಿತು. ರಜೆಗೆ ಹೋದಾಗ ನಾನು ಇಂಗ್ಲಿಷ್ ರೈಮ್ ಹೇಳಿದರೆ ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳುತ್ತಿದ್ದಳು. "ಇನ್ನೊಮ್ಮಿ ಅನ್ನು" ಅನ್ನುತ್ತಿದ್ದಳು. ನನಗದು ಅಪ್ರಿಸಿಯೇಶನ್ ಅನಿಸುತ್ತಿತ್ತು. ಆಕೆ ಪಾಠ ಕೇಳುತ್ತಿದ್ದಾಳೆಂದು ಹೊಳೆದಿರಲಿಲ್ಲ. ಎಷ್ಟು ಸಿಲ್ಲಿ ಹುಡುಗಿ ನಾನು.

ಅಕ್ಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಆಕೆಗೆ ಎಪ್ಪತ್ತೇಳಾದಾಗ. ತೋರಿಸಲು ಕಮಲಾಪುರದಿಂದ ಕಲಬುರಗಿಗೆ ಬಂದವಳು, ಇನ್ನೂ ಟೆಸ್ಟುಗಳು ಬಾಕಿ ಇವೆ ಎಂದು ನಮ್ಮ ಮನೆಯಲ್ಲೇ ಉಳಿದಳು. ಬರುವಾಗ ತನ್ನ ಹಿತ್ತಲಿನ ಕೆಂಪು ಬಾಳೆಯ ಚಿಪ್ಪು ತಂದಿದ್ದಳು. ರೋಗಿಯ ಮನೆಗೆ ಹಣ್ಣು ಒಯ್ಯುವುದು ಬಿಟ್ಟು ರೋಗಿಯೇ ಹಣ್ಣು ಹೊತ್ತು ಬಂದಿದ್ದಾಳಲ್ಲ ಎಂದು ನಕ್ಕೆವು.

ಆಸ್ಪತ್ರೆಯಲ್ಲಿ ಡಾಕ್ಟರು ಮಾತಾಡಿದ್ದೆಲ್ಲ ಅಕ್ಕನ ಮಗನ ಜೊತೆ, ಇಂಗ್ಲಿಷಿನಲ್ಲಿ. ನಡುವೆ ಕುಳಿತಿದ್ದ ಅಕ್ಕ ಅತ್ತ ಇತ್ತ ಮುಖ ನೋಡುತ್ತಿದ್ದಳು. ಹೊರಗೆ ಬಂದಮೇಲೆ ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ಮಗ ನನ್ನನ್ನು ಮೆಟ್ಟಿಲ ಹತ್ತಿರ ಕರೆದ.

"ಚಿಗವ್ವ, ಅವ್ವಗ ಬ್ಯಾನಿ ಹೆಸರು ಹೇಳಬ್ಯಾಡ. ಎದಿ ಒಡಕೊಂತಾಳ. ಬರೇ ಬಾವು ಅಂತ ಹೇಳೀನಿ."

ನಮ್ಮ ಮನೆಗಳಲ್ಲಿ ಇದೇ ರೂಢಿ. ಫೈಲು ಮಗನ ಕೈಗೆ, ಗುಳಿಗೆ ತಾಯಿಯ ಕೈಗೆ. ಕಾನ್ವೆಂಟು ಕಲಿತ ನಾನೂ ತಲೆಯಾಡಿಸಿದೆ.

ಅಂದು ಮಧ್ಯಾಹ್ನ ಅಕ್ಕ ಮೊರದಲ್ಲಿ ತೊಗರಿ ಹಸನು ಮಾಡುತ್ತ ಹೇಳಿದಳು: "ಕುತ್ತಗಿ ನಂದು. ಅದರ ಬಗ್ಗೆ ಅಷ್ಟೊತ್ತು ಮಾತಾಡಿದ್ರು, ನನಗೊಬ್ಬಾಕಿಗೇ ತಿಳೀಲಿಲ್ಲ. ನೀ ಇಂಗ್ಲಿಷ್ ಕಲ್ತಾಕಿ ಇದ್ದೀದಿ. ಕಲಸು ನನಗ."

"ಈ ವಯಸ್ನಾಗ? ಡಾಕ್ಟರ್ ಇಂಗ್ಲಿಷ್ ನನಗೇ ಬರಂಗಿಲ್ಲ, ಅಕ್ಕ."

"ಹಂಗಂದ್ರ ಅಪ್ಪ ಕೊಟ್ಟ ಫೀಜು ದಂಡ ಆತು ಬಿಡು."

ಮರುದಿನ ಶರಣಬಸವೇಶ್ವರ ದೇವಸ್ಥಾನದ ಕಡೆಯ ಹಳೆ ಪುಸ್ತಕದಂಗಡಿಗೆ ಹೋಗಿ, ಕಾಲೇಜು ಹುಡುಗಿಯರು ಮಾರಿ ಹೋದ ಹಳೆಯ ನರ್ಸಿಂಗ್ ಪುಸ್ತಕವೊಂದನ್ನು ತಂದೆ. ಅದರಲ್ಲಿ ರೋಗಗಳ ಹೆಸರನ್ನು ತುಂಡು ಮಾಡಿ ತೋರಿಸುವ ಒಂದು ಭಾಗವಿತ್ತು. ಮುಂದೆ ಒಂದು ತುಂಡು, ನಡುವೆ ಒಂದು, ಬಾಲಕ್ಕೆ ಒಂದು. ಪ್ರಿಫಿಕ್ಸ್, ರೂಟ್, ಸಫಿಕ್ಸ್ ಎಂದು ನಮ್ಮ ಸಿಸ್ಟರ್ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದ್ದು ನೆನಪಾಯಿತು. ಅಕ್ಕನ ಕಣ್ಣಿಗೆ ಪೊರೆ ಬಂದು ಪುಸ್ತಕದ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಓದುವುದು, ಆಕೆ ಕೇಳುವುದು. ನೆನಪಿಡಲು ಆಕೆ ತನ್ನದೇ ಹಾದಿ ಹುಡುಕಿಕೊಂಡಳು. ಮುಂದಿನ ತುಂಡಿಗೆ ಜೋಳದ ಕಾಳು, ನಡುವಿನದಕ್ಕೆ ತೊಗರಿ, ಬಾಲಕ್ಕೆ ಕಡಲೆ. ಒಂದೊಂದು ಹೊಸ ತುಂಡಿಗೂ ಒಂದು ಕಾಳು ಎತ್ತಿ ತಟ್ಟೆಯ ತನ್ನ ಜಾಗದಲ್ಲಿ ಇಡುವಳು. ಮರುದಿನ ಬೆರಳಿನಿಂದ ಮುಟ್ಟುತ್ತ ಒಪ್ಪಿಸುವಳು.

"ಹೆಪಾಟ್ ಅಂದ್ರ ಲಿವರ್. ಗ್ಯಾಸ್ಟ್ರ್ ಅಂದ್ರ ಹೊಟ್ಟಿ. ಆರ್ಥ್ರ್ ಅಂದ್ರ ಕೀಲು. ಐಟಿಸ್ ಅಂದ್ರ ಉರಿ, ಬಾವು. ಎಕ್ಟಮಿ ಅಂದ್ರ ಕೊಯ್ದು ತಗಿಯೂದು. ಆಲ್ಜಿಯಾ ಅಂದ್ರ ನೋವು."

"ವೆರಿ ಗುಡ್" ಅಂದೆ, ಥೇಟ್ ಸಿಸ್ಟರ್ ಹಾಗೆ.

"ಹಂಗಿದ್ರ ನನ್ನ ಬ್ಯಾನಿ ಹೆಸರು ನಾನೇ ಕಟ್ಟೀನಿ. ಸೊಸಿಯಾಲ್ಜಿಯಾ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂಥ ನಗು ನಮಗೆ ಮದುವೆಗೆ ಮುಂಚೆ ಬಂದಿತ್ತೇನೋ. ದಿನಾ ಒಂದೂವರೆ ತಾಸು ಪಾಠ. ನಾನು ಕಾಯುತ್ತಿದ್ದುದು ಅದಕ್ಕೇ. ಆಕೆ ಕಾಯಿಲೆಯಿಂದ ನಮ್ಮ ಮನೆಯಲ್ಲಿದ್ದಾಳೆ ಎಂಬುದೂ ಮರೆತುಹೋಗುತ್ತಿತ್ತು. ಐವತ್ತೈದು ವರ್ಷ ಆಕೆ ಕಮಲಾಪುರದಲ್ಲಿ, ನಾನು ಇಲ್ಲಿ. ನಡುವೆ ಬಸ್ಸಿನ ಒಂದು ತಾಸಿನ ದಾರಿ. ಹಬ್ಬಕ್ಕೆ, ಮದುವೆಗೆ, ಸಾವಿಗೆ ಭೇಟಿಯಾಗಿದ್ದೆವು. ಸುಮ್ಮನೆ ಎದುರುಬದುರು ಕುಳಿತದ್ದು ಇಲ್ಲವೇ ಇಲ್ಲ.

ಆದರೆ ಒಂದು ಪುಟ ನಾನು ಓದಿ ಹೇಳಲಿಲ್ಲ. ಅದರಲ್ಲಿ ಓಮಾ ಎಂಬ ಬಾಲವಿತ್ತು. ಓಮಾ ಅಂದರೆ ಗಡ್ಡೆ. ಎರಡು ಪುಟ ಅಂಟಿಕೊಂಡಂತೆ ಒಟ್ಟಿಗೆ ಮಗುಚಿ ಮುಂದೆ ಹೋದೆ. ಆಕೆಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಇದಕ್ಕೆ ನಾನು ಪ್ರೀತಿ ಎಂದು ಹೆಸರಿಟ್ಟುಕೊಂಡೆ.

ಮೂರು ವಾರದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಂದಿನಂತೆ ಮಗನ ಕಡೆ ತಿರುಗಿ ಮಾತಾಡುತ್ತಿದ್ದರು. ಲಿಂಫೋಮಾ ಅನ್ನುವ ಮಾತು ಎರಡು ಸಲ ಬಂತು. ಅಕ್ಕನ ಬೆರಳು ಸೀರೆಯ ಮೇಲೆ ಅಲುಗಿದ್ದನ್ನು ನೋಡಿದೆ, ತಟ್ಟೆಯಲ್ಲಿ ಕಾಳು ಹುಡುಕುವ ಹಾಗೆ.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಕೇಳಿದಳು.

"ಲಿಂಫ್ ಗೊತ್ತದ. ಕುತ್ತಗ್ಯಾಗ, ಬಗಲಾಗ ಇರೂ ಗಂಟು. ನೀನೇ ಹೇಳೀದಿ. ಅದರ ಬಾಲ ಯಾಕ ಕೊಟ್ಟಿಲ್ಲ ನನಗ?"

"ಇನ್ನಾ ಆ ಪಾಠ ಬಂದಿಲ್ಲ, ಅಕ್ಕ."

"ಸುಳ್ಳು ಹೇಳಬ್ಯಾಡ. ಪುಸ್ತಕ ಮುಗದು ನಾಲ್ಕು ದಿನ ಆತು."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಸಿಟ್ಟಿಲ್ಲದೆ ಹೇಳಿದಳು: "ನಿನ್ನ ಬೋರ್ಡಿಂಗಿಗಿ ಕಳಸಿದ ದಿನ ನಾನೂ ಬರ್ತೀನಿ ಅಂದಿದ್ದೆ. ನಿನಗ್ಯಾಕ ಬೇಕವ್ವ ಅದೆಲ್ಲ, ಅಂದ್ರು. ಅವರೂ ಪ್ರೀತೀಲೇ ಅಂದಿದ್ರು. ಈಗ ನೀನೂ ಹಂಗೇ ಅಂತೀಯೇನ?"

ಆ ಮಾತನ್ನು ಎಷ್ಟು ವರ್ಷ ಇಟ್ಟುಕೊಂಡಿದ್ದಳೋ. ಕೈಹಿಡಿದು ಕೂರಿಸಿದೆ. ಪುಸ್ತಕ ತೆಗೆದು, ಬಿಟ್ಟ ಪುಟವನ್ನು ಮೊದಲಿನಿಂದ ಕಡೆಯವರೆಗೆ ಓದಿದೆ. ಓಮಾ ಬಂದಾಗಲೂ ನಿಲ್ಲಿಸಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಆಮೇಲೆ, "ಹಸಿವ್ಯಾಗ್ಯದ. ಏನರ ಮಾಡು" ಅಂದಳು.

ಮುಂದಿನ ಸಲ ಡಾಕ್ಟರು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

"ಸಾಹೇಬ್ರ, ನನಗ ಲಿಂಫೋಮಾ ಅದ, ಗೊತ್ತದ. ಸೂಜಿ ಹಾಕ್ಕೊಂಡ್ರ ಏನಾಗ್ತದ, ಹಾಕ್ಕೊಳ್ಳದಿದ್ರ ಏನಾಗ್ತದ? ಎರಡೂ ನನಗ ಹೇಳ್ರಿ. ಅವಗ ಆಮ್ಯಾಲ ಹೇಳ್ರಿ."

ಮಗ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. "ಚಿಗವ್ವ!" ಅಂದ, ಅಷ್ಟೇ. ಡಾಕ್ಟರು ಕುರ್ಚಿಯನ್ನು ಆಕೆಯ ಕಡೆ ತಿರುಗಿಸಿಕೊಂಡರು. "ಕೇಳ್ರಿ ಅಮ್ಮಾರ" ಎಂದು ಕನ್ನಡದಲ್ಲಿ, ನಿಧಾನವಾಗಿ, ಎರಡೂ ಹೇಳಿದರು. ಕೂದಲು ಉದುರುವುದನ್ನೂ ಮುಚ್ಚಿಡಲಿಲ್ಲ.

"ಹಾಕ್ರಿ" ಅಂದಳು ಅಕ್ಕ. "ಹಿತ್ತಲ ಬಾಳಿ ಗೊನಿ ಕೊಯ್ಯಾಕ ಒಮ್ಮಿ ಊರಿಗಿ ಹೋಗಿ ಬರ್ತೀನಿ. ಆಮ್ಯಾಲ ಹಾಕ್ರಿ."

ಕನ್ಸೆಂಟ್ ಫಾರ್ಮಿಗೆ ಮಗ ಪೆನ್ನು ತೆಗೆದಿದ್ದ. ಅದನ್ನು ಆಕೆಯೇ ಇಸಿದುಕೊಂಡಳು. ನರ್ಸು ತೋರಿಸಿದ ಜಾಗದಲ್ಲಿ, ಗೆರೆ ದಾಟಿ, ಏಳನೆಯ ಇಯತ್ತೆಯ ದೊಡ್ಡ ದೊಡ್ಡ ಅಕ್ಷರಗಳಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ಆಮೇಲೆ ಅಕ್ಕ ಎರಡು ವರ್ಷ ಸಿಕ್ಕಳು. ನನಗೆ ಸಾಲಲಿಲ್ಲ.