ಪರ್ವೀನಕ್ಕನ ತಮ್ಮ ಖಲಾಸ್

ಇವತ್ತು ಮಧ್ಯಾಹ್ನ ಪರ್ವೀನಕ್ಕನ ಫೋನ್ ರಿಂಗಾದಾಗಲೇ ನಾನು ಹೊಲಿಗೆ ನಿಲ್ಲಿಸಿಬಿಟ್ಟೆ, ಫ್ರೆಂಡ್ಸ್. ಇಲ್ಲಿ ಗಲ್ಫಿನಲ್ಲಿ, ಅಲ್ ಮುಂತಜಾ ಬಡಾವಣೆಯ ನಮ್ಮ ಟೈಲರಿಂಗ್ ಅಂಗಡಿಯಲ್ಲಿ ನನ್ನ ಪಕ್ಕದ ಮಿಷನ್ ಅವಳದ್ದು. ಊರು ಇರಾನ್. ಅಲ್ಲಿ ಬೀದಿಯಲ್ಲಿ ಜನರ ಮೇಲೆ ಗುಂಡು ಹಾರಿಸಿದ ದಿನ ಅವಳ ತಮ್ಮನನ್ನು ಎಳೆದುಕೊಂಡು ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಅವಳ ಜೊತೆ ನನಗೂ ಊಟ ಸೇರುತ್ತಿರಲಿಲ್ಲ. ಎಲ್ಲದಕ್ಕೂ ಮೊದಲು ಕೆಟ್ಟದ್ದನ್ನೇ ಯೋಚಿಸುವ ನನ್ನ ಹೆದರಿಕೆ ನಿಮಗೆ ಗೊತ್ತಲ್ಲ.

ಅವಳು ಫೋನ್ ಕೆಳಗಿಟ್ಟು ಗೊಳೋ ಎಂದು ಅತ್ತಳು. ಏನಾಯಿತು ಎಂದು ಕೇಳಿದರೆ ಅವಳ ಅರ್ಧಂಬರ್ಧ ಹಿಂದಿಯಲ್ಲಿ, "ಮೇರಾ ಭಾಯಿ ಖಲಾಸ್" ಎಂದಳು.

ನಮ್ಮ ಕಡೆ ಖಲಾಸ್ ಅಂದರೆ ಕತೆ ಮುಗಿಯಿತು ಅಂತಲೇ. ನಾನು ಅವಳನ್ನು ತಬ್ಬಿಕೊಂಡು ಅವಳಿಗಿಂತ ಜೋರಾಗಿ ಅತ್ತೆ. ಬಟ್ಟೆ ಕತ್ತರಿಸುವ ಮಲಯಾಳಿ ಅಣ್ಣ ಬಶೀರಿಕ್ಕ ಕತ್ತರಿ ಇಟ್ಟು ದುವಾ ಶುರುಮಾಡಿದರು.

ಪರ್ವೀನಕ್ಕ ಗಾಬರಿಯಾಗಿ ನನ್ನನ್ನು ದೂಡಿದಳು. "ಮರಾ ನಹೀ, ಪಾಗಲ್! ಜೈಲ್ ಸೇ ಖಲಾಸ್. ಘರ್ ಆಯಾ."

ತಮ್ಮ ಸತ್ತಿಲ್ಲ, ಜೈಲಿನಿಂದ ಮನೆಗೆ ಬಂದಿದ್ದಾನೆ; ಅವರ ಭಾಷೆಯಲ್ಲಿ ಖಲಾಸ್ ಅಂದರೆ ಬಿಡುಗಡೆಯಂತೆ.

"ಮತ್ತೆ ನೀನು ಅಳುವುದು ಯಾಕೆ?" ಎಂದು ಬಶೀರಿಕ್ಕ ಕೇಳಿದರು.

"ಅವತ್ತು ಗುಂಡು ತಗುಲಿದ ಅವನ ದೋಸ್ತನನ್ನು ಮಣ್ಣು ಮಾಡಿದ್ದಾರೆ," ಎಂದಳು. "ಅವನಿಗಾಗಿ ಯಾರು ಅಳುವುದು?"

ಬಶೀರಿಕ್ಕ ಮತ್ತೆ ಕೈಯೆತ್ತಿ, ಈ ಸಲ ಆ ದೋಸ್ತನಿಗಾಗಿ ದುವಾ ಮಾಡಿದರು.

ಸಂಜೆ ತಮ್ಮ ವೀಡಿಯೊ ಕಾಲಿನಲ್ಲಿ ಬಂದ. ತಲೆ ಬೋಳು, ಕೆನ್ನೆ ಒಳಗೆ ಹೋಗಿದೆ. ಪರ್ವೀನಕ್ಕ ನನ್ನನ್ನು ತೋರಿಸಿ, ಅವನು ಸತ್ತನೆಂದು ನಾನು ಅತ್ತದ್ದನ್ನು ಹೇಳಿದಳು; ಅವನು ನಕ್ಕುಬಿಟ್ಟ. ಮನೆಗೆ ಬಂದ ಮೇಲೆ ಅವನು ಮೊದಲ ಸಲ ನಕ್ಕದ್ದಂತೆ.

ನನ್ನ ಹೆದರಿಕೆಯಿಂದ ಇಷ್ಟು ವರ್ಷದಲ್ಲಿ ಒಬ್ಬರಿಗಾದರೂ ಉಪಕಾರವಾಯಿತು.